ಗಡಿಮನೆಯ ಓದಿಗೆ ಕೆಲವು ಕ್ರೈಸ್ತ ಪುಸ್ತಕಗಳು

ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಸೀಮೆಯ ಮಗುವಿನ ಕೈಗೆ ವರ್ಷವೊಂದಕ್ಕೆ ಎಷ್ಟು ಕನ್ನಡ ಪುಸ್ತಕಗಳು ಬರುತ್ತವೆ? ಶಾಲೆ ತೆರೆದಾಗ ತಮಿಳುನಾಡು ಪಠ್ಯಪುಸ್ತಕ ನಿಗಮದ ಪುಸ್ತಕಗಳು ಬರುತ್ತವೆ. ನಾನು ಕಂಡ ಬಹುಪಾಲು ಮನೆಗಳಲ್ಲಿ ಮುಂದಿನ ವರ್ಷ ಶಾಲೆ ತೆರೆಯುವವರೆಗೆ ಬೇರೊಂದು ಕನ್ನಡ ಪುಸ್ತಕ ಹೊಸ್ತಿಲು ದಾಟುವುದಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿಲೋಮೀಟರು. ಅತ್ತಿಬೆಲೆಯ ಗಡಿ ದಾಟಿ ದಿನವೂ ಸಾವಿರಾರು ಜನ ಕೆಲಸಕ್ಕೆ ಹೋಗಿಬರುತ್ತಾರೆ. ಅವರ ಚೀಲಗಳಲ್ಲಿ ತರಕಾರಿ, ಔಷಧ, ಮಕ್ಕಳ ಬಟ್ಟೆ ಎಲ್ಲವೂ ಬರುತ್ತವೆ. ಪುಸ್ತಕ ಮಾತ್ರ ಬಾರದು.

ವಕೀಲನಾದ ನನ್ನನ್ನು ಪಾಲಕರು ಸಾಮಾನ್ಯವಾಗಿ ಕೇಳುವುದು ಹಕ್ಕುಗಳ ವಿಷಯ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. 2006ರ ತಮಿಳು ಕಲಿಕಾ ಅಧಿನಿಯಮ ಬಂದ ಮೇಲೆ ನಮ್ಮ ಮಕ್ಕಳ ಪರೀಕ್ಷೆಯ ಪ್ರಶ್ನೆ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಕಂಡಿತು. ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಸಾಕಷ್ಟು ಚರ್ಚೆಯಾಗಿದೆ, ಇನ್ನೂ ಆಗಬೇಕು. ಆದರೆ ಕಾನೂನು ಶಾಲೆಯನ್ನು ಉಳಿಸಿಕೊಡಬಲ್ಲುದೇ ಹೊರತು ರಾತ್ರಿ ಊಟವಾದ ಮೇಲೆ ಮಗುವಿನ ಕೈಯಲ್ಲಿ ಪುಸ್ತಕವನ್ನಿಡಲಾರದು. ಆ ಕೆಲಸ ಮನೆಯದು.

ನಮ್ಮಂಥ ಕನ್ನಡ ಕ್ರೈಸ್ತ ಮನೆಗಳಿಗೆ ಈ ಕೊರತೆ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ನೆರೆಮನೆಯ ಮಗು ರಾಮಾಯಣವನ್ನೋ ದಾಸರ ಪದವನ್ನೋ ಅಜ್ಜಿಯ ಬಾಯಿಂದ ಕನ್ನಡದಲ್ಲಿಯೇ ಕೇಳಿ ಬೆಳೆಯುತ್ತದೆ. ನಮ್ಮ ಮಕ್ಕಳು ಭಾನುವಾರ ಕೇಳುವ ಆರಾಧನೆ ತಮಿಳಿನದು, ದೂರದರ್ಶನದ ಪ್ರಸಂಗ ಇಂಗ್ಲಿಷಿನದು, ಜ್ಞಾನೋಪದೇಶದ ಕಿರುಹೊತ್ತಗೆಯೂ ತಮಿಳಿನದೇ. ನನಗೆ ತಮಿಳಿನ ಮೇಲೆ ಯಾವ ಮುನಿಸೂ ಇಲ್ಲ. ಅಧೀನ ನ್ಯಾಯಾಲಯದಲ್ಲಿ ನನ್ನ ಅನ್ನದ ಭಾಷೆ ಅದು. ಮಧುರವಾದ ಭಾಷೆಯೂ ಹೌದು. ಆದರೂ ನನ್ನ ಮಗಳು ಜ್ವರದಲ್ಲಿ ಮಲಗಿದ್ದ ಒಂದು ರಾತ್ರಿ ತಮಿಳಿನಲ್ಲಿ ಪ್ರಾರ್ಥಿಸುವುದನ್ನು ಕೇಳಿದಾಗ, ಮಗ್ಗುಲಲ್ಲಿ ಕುಳಿತಿದ್ದ ನನ್ನ ತಾಯಿ ಮೆಲ್ಲನೆ, “ನನಗೆ ಅರ್ಧವೇ ತಿಳಿಯಿತು” ಎಂದರು. ಮೊಮ್ಮಗಳ ಪ್ರಾರ್ಥನೆ ಅಜ್ಜಿಗೆ ಅರ್ಧವೇ ತಿಳಿಯುವ ಮನೆಯಲ್ಲಿ ಕನ್ನಡ ಇನ್ನೆಷ್ಟು ದಿನ ಉಳಿದೀತು ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಮನೆಯಲ್ಲಿ ಗಟ್ಟಿಯಾಗಿ ಓದಬಹುದಾದ ಕನ್ನಡದ ಕ್ರೈಸ್ತ ಪುಸ್ತಕಗಳನ್ನು ಹುಡುಕತೊಡಗಿದೆ. ಹುಡುಕಿದಾಗ ದೊರೆತದ್ದು ದೊಡ್ಡ ಅಂಗಡಿಗಳಲ್ಲಿ ಅಲ್ಲ. ಸಣ್ಣ ಪ್ರಕಾಶಕರಲ್ಲಿ, ಹಳೆಯ ಪುಸ್ತಕಗಳನ್ನು ವಿದ್ಯುನ್ಮಾನ ರೂಪಕ್ಕೆ ತಂದವರ ಭಂಡಾರಗಳಲ್ಲಿ.

ಆಯ್ಕೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಧರ್ಮದ ಹೆಸರು ಮುಖಪುಟದ ಮೇಲಿದ್ದ ಮಾತ್ರಕ್ಕೆ ಪುಸ್ತಕ ಮಕ್ಕಳಿಗೆ ತಕ್ಕದ್ದಾಗದು. ಸಭೆಗಳ ಬಾಗಿಲಲ್ಲಿ ಹಂಚುವ ಎಷ್ಟೋ ಕಿರುಪುಸ್ತಕಗಳಲ್ಲಿ ನರಕದ ಬೆಂಕಿಯ ಚಿತ್ರವಿಟ್ಟು ಎಳೆಯ ಮನಸ್ಸನ್ನು ಬೆದರಿಸುವ ಅಭ್ಯಾಸವುಂಟು. ಕೆಲವು ನೆರೆಯವರ ದೇವರನ್ನು ಹಳಿಯದೆ ತಮ್ಮ ದೇವರನ್ನು ಹೊಗಳಲಾರವು. ಇನ್ನೂ ಹೆಚ್ಚಿನವು ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ತಂದವು; ಓದಿದರೆ ನಾಲಗೆ ಎಡವುತ್ತದೆ. ಇವನ್ನೆಲ್ಲ ಬದಿಗಿಟ್ಟೆ. ಪಕ್ಕದ ಮನೆಯ ಹುಡುಗ ಆಟ ಮುಗಿಸಿ ನಮ್ಮ ಜಗುಲಿಯಲ್ಲಿ ಕುಳಿತಾಗ ಅವನೆದುರಿಗೂ ಸಂಕೋಚವಿಲ್ಲದೆ ಓದಬಹುದೇ, ಕಣ್ಣು ಮಂಜಾದ ನನ್ನ ತಾಯಿ ಕೇಳಿ ತಲೆದೂಗುವರೇ—ನನಗೆ ಬೇಕಾದ ಪರೀಕ್ಷೆ ಇಷ್ಟೆ.

ಮೊದಲು ಹೇಳಬೇಕಾದ ಹೆಸರು ಮಂಜೇಶ್ವರದ ಗೋವಿಂದ ಪೈಯವರದು. ಕ್ರೈಸ್ತರಲ್ಲದ ಕವಿಯನ್ನು ಕ್ರೈಸ್ತ ಪುಸ್ತಕಗಳ ಪಟ್ಟಿಯಲ್ಲಿ ಮೊದಲಿಗಿಟ್ಟದ್ದೇಕೆ ಎಂದು ಕೇಳುವವರಿಗೆ ಉತ್ತರ ಅವರ ‘ಗೊಲ್ಗೊಥಾ’. ಯೇಸುವಿನ ಕಡೆಯ ದಿನವನ್ನು ವಸ್ತುವಾಗುಳ್ಳ ಈ ಖಂಡಕಾವ್ಯದಷ್ಟು ಗಂಭೀರವಾಗಿ ಶಿಲುಬೆಯ ಪ್ರಸಂಗವನ್ನು ಕನ್ನಡದಲ್ಲಿ ಹೇಳಿದ ಬೇರೊಂದು ಕೃತಿಯನ್ನು ನಾನು ಓದಿಲ್ಲ. ಬುದ್ಧನ ಕಡೆಯ ದಿನಗಳನ್ನು ಕುರಿತು ‘ವೈಶಾಖಿ’ಯನ್ನೂ ಅವರೇ ಬರೆದರು. ಒಬ್ಬ ಕವಿ ತನ್ನದಲ್ಲದ ಎರಡು ಮತಗಳ ಮಹಾಪುರುಷರ ಮರಣದ ಮುಂದೆ ಅಷ್ಟು ಗೌರವದಿಂದ ನಿಂತನೆಂಬುದೇ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠ. ನಮ್ಮವರಿಗೆ ಅವರೊಡನೆ ಇನ್ನೊಂದು ನಂಟೂ ಇದೆ. 1949ರಲ್ಲಿ ಅವರಿಗೆ ‘ರಾಷ್ಟ್ರಕವಿ’ ಎಂಬ ಬಿರುದನ್ನಿತ್ತದ್ದು ಮದರಾಸು ಸರ್ಕಾರ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಮಂಜೇಶ್ವರವೂ ಸೇಲಂ ಜಿಲ್ಲೆಗೆ ಸೇರಿದ ನಮ್ಮ ಹೊಸೂರು ಕೃಷ್ಣಗಿರಿಗಳೂ ಒಂದೇ ಪ್ರಾಂತದಲ್ಲಿದ್ದವು. 1956ರ ಬಳಿಕ ಅವರ ಊರು ಕೇರಳದ ಗಡಿಯೊಳಗೆ ಉಳಿಯಿತು, ನಮ್ಮದು ತಮಿಳುನಾಡಿನಲ್ಲಿ. ಗಡಿಯಾಚೆ ಉಳಿದ ಕನ್ನಡಿಗನ ಪಾಡನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕಾವ್ಯ ಸುಲಭದ್ದಲ್ಲ, ಆ ಮಾತನ್ನೂ ಹೇಳಿಬಿಡುತ್ತೇನೆ. ಹಳಗನ್ನಡದ ಪದಗಳು ಸಾಲುಸಾಲಿಗೂ ಎದುರಾಗುತ್ತವೆ. ಏಳನೆಯ ತರಗತಿಯ ಮಗು ಒಂಟಿಯಾಗಿ ಓದಲಾರದು; ದೊಡ್ಡವರೂ ಒಮ್ಮೆಗೆ ಓದಲಾರರು. ನಮ್ಮ ಮನೆಯಲ್ಲಿ ತಪಸ್ಸುಕಾಲದ ಶುಕ್ರವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಓದಿದೆವು. ಮೊದಲು ಸುವಾರ್ತೆಯ ಆ ಭಾಗವನ್ನು ಓದಿ, ಆಮೇಲೆ ಕಾವ್ಯ. ಕಥೆ ಗೊತ್ತಿರುವುದರಿಂದ ಪದ ತಿಳಿಯದಿದ್ದರೂ ಮಗಳು ದಾರಿ ತಪ್ಪಲಿಲ್ಲ. ತಿಳಿಯದ ಪದಗಳಿಗೆ ಮೊಬೈಲಿನಲ್ಲಿ ವಿ. ಕೃಷ್ಣ ಅವರ ‘ಅಲರ್’ ನಿಘಂಟನ್ನು ತೆರೆದುಕೊಂಡಳು. ಅಲ್ಲಿಯೂ ಮನಸ್ಸು ತುಂಬದಿದ್ದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟು ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಒಬ್ಬ ಜರ್ಮನ್ ಪಾದ್ರಿ ಕೂಡಿಟ್ಟ ಪದಗಳ ನೆರವಿನಿಂದ ಒಬ್ಬ ಗೌಡ ಸಾರಸ್ವತ ಕವಿ ಬರೆದ ಯೇಸುವಿನ ಕಾವ್ಯವನ್ನು ಹೊಸೂರಿನ ಹುಡುಗಿಯೊಬ್ಬಳು ಬಿಡಿಸಿಕೊಳ್ಳುವುದನ್ನು ನೋಡುತ್ತ ಕೂತಿರುವುದು ನನಗೆ ಬಹಳ ಸಂತೋಷದ ಸಂಗತಿ.

ಇಲ್ಲಿ ಕಾನೂನಿನ ಮಾತೊಂದನ್ನು ಸೇರಿಸಲೇಬೇಕು. ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಪುಸ್ತಕಗಳ ಪಿಡಿಎಫ್ ಪ್ರತಿಗಳು ಹಿಂದುಮುಂದು ನೋಡದೆ ಹರಿದಾಡುತ್ತಿವೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಲೇಖಕನು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿಕೊಂಡ ವರ್ಷದ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಉಳಿಯುತ್ತದೆ. ಗೋವಿಂದ ಪೈಯವರು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಲೆಕ್ಕ 1964ರ ಜನವರಿ 1ರಿಂದ. ಅರವತ್ತು ವರ್ಷ ತುಂಬಿದ್ದು 2023ರ ಡಿಸೆಂಬರ್ 31ಕ್ಕೆ. ಆದ್ದರಿಂದ 2024ರ ಹೊಸವರ್ಷದ ದಿನದಿಂದ ‘ಗೊಲ್ಗೊಥಾ’ ಸರ್ವರ ಸೊತ್ತು. ಅದನ್ನು ನಕಲು ಮಾಡಬಹುದು, ಮುದ್ರಿಸಬಹುದು, ಮಕ್ಕಳ ಧ್ವನಿಯಲ್ಲಿ ಓದಿಸಿ ಹಂಚಬಹುದು. ಯಾರ ಅಪ್ಪಣೆಯೂ ಬೇಡ. ಇತ್ತೀಚಿನ ಸಂಪಾದಕರೊಬ್ಬರು ಬರೆದ ಮುನ್ನುಡಿ, ಟಿಪ್ಪಣಿ, ಅರ್ಥಕೋಶ ಅದರೊಡನೆ ಇದ್ದರೆ ಮಾತ್ರ ಆ ಭಾಗ ಅವರ ಹಕ್ಕಿನದು. ಅದನ್ನು ಬಿಟ್ಟು ಮೂಲವನ್ನಷ್ಟೇ ಪ್ರತಿ ಮಾಡಬೇಕು.

ಇದೇ ಲೆಕ್ಕದಲ್ಲಿ ಒಂದು ವರ್ಷ ಮುಂಚೆಯೇ ನಮಗೆ ದಕ್ಕಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಇವರು ಬಾಸೆಲ್ ಮಿಷನ್ನಿನ ಪಾದ್ರಿಗಳು. ನಮ್ಮ ಮಕ್ಕಳು ಪಠ್ಯದಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಕಲಿಯುತ್ತಾರಷ್ಟೆ. ಆ ತ್ರಿಪದಿಗಳನ್ನು ಊರೂರು ಅಲೆದು, ಓಲೆಗರಿ ಕೈಬರಹಗಳನ್ನು ಕೂಡಿಸಿ 1924ರಲ್ಲಿ ಗ್ರಂಥವಾಗಿ ತಂದವರು ಕ್ರೈಸ್ತ ಸಭೆಯ ಈ ಪಾದ್ರಿ ಎಂಬುದು ಎಷ್ಟು ಮಂದಿ ಕ್ರೈಸ್ತ ಪಾಲಕರಿಗೆ ಗೊತ್ತಿದೆ? 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಇವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ‘ಸರ್ವಜ್ಞನ ವಚನಗಳು’ ಕ್ರೈಸ್ತ ಪುಸ್ತಕ ಹೇಗಾದೀತು ಎಂದು ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಸಂಪಾದಕನ ಜೀವನವನ್ನು ನೋಡಿ ಹೇಳಿ ಎಂದೆ. ನೆರೆಯವನ ನಿಧಿಯನ್ನು ಹೊತ್ತುಕೊಂಡು ಕಾಯ್ದ ಕೈ ಯಾವ ಬೋಧನೆಯನ್ನು ಪಾಲಿಸುತ್ತಿತ್ತು ಎಂಬುದನ್ನು ಅವರೇ ತೀರ್ಮಾನಿಸಲಿ. ಉತ್ತಂಗಿಯವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕವನ್ನು ಮಾತ್ರ ಮಕ್ಕಳಿಗಲ್ಲ, ತಂದೆತಾಯಿಗಳಿಗೆ ಹೇಳುತ್ತೇನೆ. ಅದು ವಿಚಾರದ ಪುಸ್ತಕ, ನಿಧಾನವಾಗಿ ಓದತಕ್ಕದ್ದು.

ಕಥೆ ಬೇಕೆನ್ನುವ ಮಕ್ಕಳಿಗೆ ಸಾಗರದ ನಾ. ಡಿಸೋಜರನ್ನು ಬಿಟ್ಟು ಯಾರ ಹೆಸರನ್ನು ಹೇಳಲಿ? ಶರಾವತಿ ಯೋಜನೆಯಲ್ಲಿ ಸರ್ಕಾರಿ ನೌಕರರಾಗಿದ್ದು, ಅಣೆಕಟ್ಟಿನಿಂದ ಊರುಗಳು ಮುಳುಗುವುದನ್ನು ಕಣ್ಣಾರೆ ಕಂಡು, ಜೀವಮಾನವೆಲ್ಲ ಅದನ್ನು ಬರೆದವರು. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಕೃಷ್ಣಗಿರಿ ಅಣೆಕಟ್ಟಿಗೂ ಕೆಲವರಪಳ್ಳಿ ಜಲಾಶಯಕ್ಕೂ ವಿಹಾರ ಹೋಗುವ ನಮ್ಮ ಮಕ್ಕಳು, ನೀರಿನ ಅಡಿಯಲ್ಲಿ ಏನಿದ್ದಿರಬಹುದು ಎಂದು ಆ ಪುಸ್ತಕ ಓದಿದ ಮೇಲೆಯೇ ಕೇಳಿದ್ದು. ಇದರಲ್ಲಿ ಉಪದೇಶವಿಲ್ಲ, ಬೈಬಲಿನ ವಚನಗಳಿಲ್ಲ. ಇದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ.

ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯನ್ನು ಹೈಸ್ಕೂಲು ದಾಟಿದ ಮಕ್ಕಳಿಗೆ ಕೊಡಿ, ಮೊದಲು ನೀವು ಓದಿ. ಇಗರ್ಜಿ ಎಂಬ ಮಾತೇ ನಮ್ಮ ಮನೆಯಲ್ಲಿ ಅರ್ಧ ಗಂಟೆಯ ಚರ್ಚೆಯಾಯಿತು. ಕರಾವಳಿ, ಮಲೆನಾಡಿನವರಿಗೆ ಪೋರ್ಚುಗೀಸಿನಿಂದ ಬಂದ ಆ ಮಾತು ಮನೆಮಾತು. ನಮ್ಮಲ್ಲಿ ತಮಿಳರು ಕೋವಿಲ್ ಎನ್ನುತ್ತಾರೆ, ನನ್ನ ತಾಯಿ ಗುಡಿ ಎನ್ನುತ್ತಾರೆ, ಮಕ್ಕಳು ಚರ್ಚ್ ಎನ್ನುತ್ತಾರೆ. ಕನ್ನಡದಲ್ಲಿ ಒಂದು ಕ್ರೈಸ್ತ ಕೇರಿಯ ಒಳಬಾಳು, ಅದರ ಜಗಳ, ಬಡತನ, ಹಬ್ಬ, ಮದುವೆಗಳೊಡನೆ ಪುಸ್ತಕದೊಳಗೆ ಇರಬಹುದು ಎಂಬುದು ಗಡಿಯ ಕ್ರೈಸ್ತ ಮಗುವಿಗೆ ಹೊಸ ಸುದ್ದಿ. ನಾವು ಪಠ್ಯದಲ್ಲಿ ಎಂದೂ ನಮ್ಮನ್ನು ಕಂಡವರಲ್ಲ. ಡಿಸೋಜರು 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಹಕ್ಕಿನ ಲೆಕ್ಕ ಇಲ್ಲಿಯೂ ಅದೇ: 2085ರ ಕೊನೆಯವರೆಗೆ ಅವರ ಪುಸ್ತಕಗಳು ಅವರ ವಾರಸುದಾರರ ಹಕ್ಕಿಗೆ ಒಳಪಟ್ಟಿವೆ. ಇವುಗಳನ್ನು ಕೊಂಡೇ ಓದಬೇಕು. ಯಾರೋ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದ್ದಾರೆಂದು ಹಂಚಿದರೆ ಅದು ಅಧಿನಿಯಮದ 63ನೆಯ ಕಲಮಿನ ಕೆಳಗೆ ಅಪರಾಧವಾಗಬಹುದು. ಶಿಕ್ಷೆ ಮೂರು ವರ್ಷದವರೆಗೆ ಹೋಗುತ್ತದೆ. ಒಂದು ಪಿಡಿಎಫ್‌ಗಾಗಿ ಪಾಲಕರು ಜೈಲಿಗೆ ಹೋದ ಪ್ರಕರಣವನ್ನು ನಾನು ನಡೆಸಿಲ್ಲ. ಆದರೆ ಕನ್ನಡದ ಸಣ್ಣ ಪ್ರಕಾಶಕ ಒಂದು ಪುಸ್ತಕವನ್ನು ಐನೂರೋ ಸಾವಿರವೋ ಪ್ರತಿ ಅಚ್ಚುಹಾಕುತ್ತಾನೆ. ಅವನ ಕೈಯಿಂದ ಐವತ್ತು ಪ್ರತಿ ತಪ್ಪಿದರೆ ಮುಂದಿನ ಪುಸ್ತಕ ನಿಲ್ಲುತ್ತದೆ. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಆ ಪ್ರಕಾಶಕರನ್ನು ಸ್ವಲ್ಪ ಹಿಡಿದು ನಿಲ್ಲಿಸಿದೆ. ಆ ಪುಸ್ತಕಗಳು ಗಡಿ ದಾಟಿ ನಮ್ಮ ಗ್ರಂಥಾಲಯಗಳಿಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿಯೂ 1948ರ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರವನ್ನು ತೆರುತ್ತಿದ್ದೇವೆ. ಕನ್ನಡ ಪುಸ್ತಕ ಬೇಕೆಂದು ಗ್ರಂಥಪಾಲಕರಿಗೆ ಬರವಣಿಗೆಯಲ್ಲಿ ಬೇಡಿಕೆ ಕೊಡುವುದು ತೆರಿಗೆದಾರನ ಸಹಜವಾದ ಹಕ್ಕು. ಹತ್ತು ಪಾಲಕರ ಸಹಿಯಿರುವ ಅರ್ಜಿ ಒಬ್ಬ ವಕೀಲನ ನೋಟೀಸಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಹಳೆಯ ಮಿಷನ್ ಸಾಹಿತ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬನ್ಯನ್‌ನ ಪ್ರಸಿದ್ಧ ರೂಪಕ ಕಥೆ ‘ಯಾತ್ರಿಕನ ಸಂಚಾರ’ವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂತು. 1862ರಲ್ಲಿ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ ಹಾಡಿ ‘ಕಥಾಮಾಲೆ’ ಎಂದು ಕರೆದರು. ಅವರು 1903ರಲ್ಲಿ ತೀರಿಕೊಂಡ ಜರ್ಮನಿಯ ಟ್ಯೂಬಿಂಗನ್ ನಗರದ ವಿಶ್ವವಿದ್ಯಾಲಯವು ಹರ್ಮನ್ ಗುಂಡರ್ಟ್‌ರ ಹೆಸರಿನಲ್ಲಿ ತೆರೆದಿರುವ ಅಂತರ್ಜಾಲ ಭಂಡಾರದಲ್ಲಿ ಮಲಯಾಳಂ ಪುಸ್ತಕಗಳ ಜೊತೆಗೆ ಬಾಸೆಲ್ ಮಿಷನ್ನಿನ ಕನ್ನಡ, ತುಳು ಮುದ್ರಣಗಳೂ ಇವೆ, ಶುಲ್ಕವಿಲ್ಲದೆ ನೋಡಬಹುದು. ಕುತೂಹಲಕ್ಕೆ ತೆರೆದು ನೋಡಿ. ಹಳೆಯ ಅಚ್ಚುಮೊಳೆಗಳು, ಹಳೆಯ ಕಾಗುಣಿತ, ವಾಕ್ಯದ ಜರ್ಮನ್ ನಡೆ—ಮಕ್ಕಳು ನಾಲ್ಕನೆಯ ಪುಟಕ್ಕೆ ಎದ್ದುಹೋಗುತ್ತಾರೆ. ನನ್ನ ತಾಯಿ ಮಾತ್ರ, ಪರದೆಯ ಮೇಲೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದೆಂದು ತಿಳಿದ ದಿನದಿಂದ, ಮೊಮ್ಮಗನ ಟ್ಯಾಬ್ಲೆಟ್ಟನ್ನು ಅವನಿಗೆ ಕೊಡುತ್ತಿಲ್ಲ.

ಚಿಕ್ಕ ಮಕ್ಕಳಿರುವ ಮನೆಯವರು ಇನ್ನೊಂದನ್ನು ಗುರುತು ಹಾಕಿಕೊಳ್ಳಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಸಹಿತವಾದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ. ಅವುಗಳ ಪರವಾನಗಿಯೇ ಹಂಚುವುದಕ್ಕೆ ಅನುಮತಿ ಕೊಟ್ಟಿದೆ. ಮುದ್ರಿಸಿ ಶಾಲೆಗೆ ಕೊಟ್ಟರೂ ತೊಂದರೆಯಿಲ್ಲ. ಅವು ಕ್ರೈಸ್ತ ಕಥೆಗಳಲ್ಲ. ಆದರೆ ಅಕ್ಷರ ಕೂಡಿಸಿ ಓದಲು ಬಾರದ ಮಗುವಿಗೆ ‘ಗೊಲ್ಗೊಥಾ’ದ ದಾರಿ ಅಲ್ಲಿಂದಲೇ ಹೊರಡಬೇಕು. ಹಣ ಕೊಟ್ಟು ಇ-ಪುಸ್ತಕ ಕೊಳ್ಳುವವರಿಗೆ ಮೈಲ್ಯಾಂಗ್, ವಿವಿಡ್ಲಿಪಿಗಳಂಥ ಕನ್ನಡದ ತಾಣಗಳುಂಟು. ಅಂಚೆಯ ಖರ್ಚಿಲ್ಲ, ಅತ್ತಿಬೆಲೆ ದಾಟಬೇಕಿಲ್ಲ.

ಟಾಲ್‌ಸ್ಟಾಯ್‌ನ ನೀತಿಕಥೆಗಳನ್ನು ಹೇಳದೆ ಮುಗಿಸಲಾರೆ. ನೆಲಮಾಳಿಗೆಯ ಕೋಣೆಯಲ್ಲಿ ಕುಳಿತು ಕಿಟಕಿಯಿಂದ ದಾರಿಹೋಕರ ಬೂಟುಗಳನ್ನಷ್ಟೇ ಕಾಣುವ ಚಮ್ಮಾರ, ದೇವರು ಇಂದು ಬರುತ್ತಾನೆಂದು ಕಾದು, ಚಳಿಯಲ್ಲಿ ನಡುಗುವ ಮುದುಕನಿಗೆ ಚಹಾ, ಕೂಸನ್ನೆತ್ತಿಕೊಂಡ ಹೆಂಗಸಿಗೆ ಅಂಗಿ ಕೊಡುತ್ತ ದಿನ ಕಳೆಯುವ ಕಥೆಯನ್ನು ನಾನು ಮನೆಯಲ್ಲಿ ಮೂರು ಸಲ ಓದಿದ್ದೇನೆ; ಪಕ್ಕದ ಮನೆಯ ಹುಡುಗನೂ ಎರಡು ಸಲ ಕೇಳಿದ್ದಾನೆ. ಕನ್ನಡದಲ್ಲಿ ಹಲವರು ಇವನ್ನು ಅನುವಾದಿಸಿದ್ದಾರೆ. ಟಾಲ್‌ಸ್ಟಾಯ್ 1910ರಲ್ಲಿ ತೀರಿಕೊಂಡುದರಿಂದ ಮೂಲ ಎಲ್ಲರದೂ ಹೌದು, ಅನುವಾದ ಅನುವಾದಕನದು. ಈ ಭೇದವನ್ನು ಮರೆಯಬಾರದು. ಇಂಗ್ಲಿಷ್ ಬಲ್ಲ ಪಾಲಕರು ತಾವೇ ಕನ್ನಡಕ್ಕೆ ತಂದು ಓದಿದರೆ ಯಾರೂ ಕೇಳುವಂತಿಲ್ಲ. ನಾವು ಹಾಗೆ ಎರಡು ಕಥೆಗಳನ್ನು ಮಾಡಿದೆವು. ಮಗ ಸಮೋವಾರ್ ಎಂಬುದಕ್ಕೆ ‘ಚಾ ಹಂಡೆ’ ಎಂದು ಬರೆದ, ನಾನು ತಿದ್ದಲಿಲ್ಲ.

ಇಂಥ ಪುಸ್ತಕಗಳನ್ನು ಶಾಲೆಗೆ ಕೊಡಬಹುದೇ ಎಂದು ಕೇಳುವವರುಂಟು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅನುದಾನಿತ ಶಾಲೆಗಳಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಪ್ರಾರ್ಥನಾ ಪುಸ್ತಕ, ಜ್ಞಾನೋಪದೇಶ ಮನೆಯಲ್ಲಿರಲಿ. ಆದರೆ ಗೋವಿಂದ ಪೈ, ಉತ್ತಂಗಿ, ಡಿಸೋಜ ಇವರು ಕನ್ನಡ ಸಾಹಿತ್ಯ. ಕಪಾಟಿನಲ್ಲಿ ಕುಮಾರವ್ಯಾಸನ ಪಕ್ಕದಲ್ಲಿ ಅವರನ್ನಿಟ್ಟರೆ ಬೋಧನೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ; ಬಿ.ಎಂ.ಶ್ರೀ.ಯವರು ಕನ್ನಡಕ್ಕೆ ತಂದ ನ್ಯೂಮನ್ನನ ಪ್ರಾರ್ಥನೆಯನ್ನು ಎಲ್ಲ ಮತದ ಮಕ್ಕಳೂ ಎಷ್ಟು ಶಾಲೆಗಳ ಬೆಳಗಿನ ಸಾಲಿನಲ್ಲಿ ನಿಂತು ಹಾಡಿಲ್ಲ! ಕೊಡುವ ಮೊದಲು ಮುಖ್ಯೋಪಾಧ್ಯಾಯರಿಗೆ ಪಟ್ಟಿಯನ್ನು ತೋರಿಸಿ, ದಾಖಲೆ ಪುಸ್ತಕದಲ್ಲಿ ಬರೆಸಿಕೊಳ್ಳಿ.

ಸರ್ವಜ್ಞನ ಒಂದು ಪ್ರತಿ ಹಾಗೆ ಶಾಲೆಯೊಂದರ ಕಪಾಟು ಸೇರಿದೆ. ‘ಗೊಲ್ಗೊಥಾ’ದ ನಾಲ್ಕು ನಕಲುಗಳನ್ನು ದೊಡ್ಡ ಅಕ್ಷರದಲ್ಲಿ ತೆಗೆಸಿ ಹೊಲಿಸಿಟ್ಟಿದ್ದೇನೆ. ಎರಡು ಈಗಾಗಲೇ ತಳಿಯ ಕಡೆಗೆ ಹೋಗಿವೆ, ಒಂದು ಮನೆಯಲ್ಲಿದೆ. ಉಳಿದೊಂದು ನನ್ನ ಕಚೇರಿಯ ಮೇಜಿನ ಮೇಲಿದೆ. ಬೇಕಾದವರು ಕೊಂಡೊಯ್ಯಬಹುದು, ಶುಭಶುಕ್ರವಾರ ಕಳೆದ ಮೇಲೆ ಹಿಂದಿರುಗಿಸಿದರೆ ಸಾಕು.